ತವರೂರಿಗೆ ಹೋದ ಪಡವುಗಳು

ಪುನ್ನೈಕುಪ್ಪವೆಂಬ ಕಡಲಂಚಿನ ಬೆಸ್ತರ ಹಳ್ಳಿಯಲ್ಲಿ ಪೂವಾಯಿಯ ಬಾಯಿಗೆ ಹೆದರದವರು ಇಬ್ಬರೇ. ಒಬ್ಬಳು ಕಡಲಮ್ಮ, ಇನ್ನೊಬ್ಬಳು ಸೊಸೆ ಅಂಜಲೈ. ಕಡಲಮ್ಮನಿಗೆ ಅವಳದೇ ಗಲಾಟೆಯಲ್ಲಿ ಬೇರೆಯವರ ಮಾತು ಕೇಳಿಸುತ್ತಿರಲಿಲ್ಲ, ಅಂಜಲೈಗೆ ಅತ್ತೆಯಷ್ಟೇ ಉದ್ದದ ನಾಲಿಗೆ ಇತ್ತು. ಉಳಿದವರೆಲ್ಲ, ಊರ ಯಜಮಾನ ಕೂತ್ತಪೆರುಮಾಳ್ ಕೂಡ, ಅವಳು ನಾರು ಹೊಸೆಯುತ್ತ ಕೂರುವ ಹೊನ್ನೆ ಮರದ ಮುಂದೆ ಹಾಯುವಾಗ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದರು.

ಅವಳು ಹುಟ್ಟಿದ್ದು ಆ ಕುಪ್ಪದಲ್ಲೇ, ಮದುವೆಯಾದದ್ದೂ ಅಲ್ಲೇ. ತಾಯಿಮನೆಯಿಂದ ಗಂಡನ ಮನೆಗೆ ನಡುವೆ ಇದ್ದದ್ದು ಒಂದು ಬಾವಿ, ಎರಡು ತಾಳೆಮರ. ಜಗಳವಾದಾಗೆಲ್ಲ ಗಂಡ ಕಾತವರಾಯನ್ ಕಿಚಾಯಿಸುತ್ತಿದ್ದ, "ಮುನಿಸಿಕೊಂಡು ಹೋಗೋಕೂ ನಿನಗೊಂದು ತವರೂರು ಇಲ್ವಲ್ಲೇ! ಗಂಟು ಕಟ್ಟಿದ್ರೆ ಬಾವಿ ತನಕ ಹೋಗಿ ನೀರು ತಗೊಂಡು ವಾಪಸ್ ಬರ್ತೀಯ." ಅವಳು ಗಂಟು ಕಟ್ಟಿದ್ದೂ ಉಂಟು, ನೀರು ತಂದದ್ದೂ ಉಂಟು.

ಅವಳ ಅಂಗೈ ಬಗ್ಗೆ ಹೇಳಲೇಬೇಕು. ಚಿಕ್ಕಂದಿನಿಂದ ತೆಂಗಿನ ನಾರು ಹೊಸೆದು ಹೊಸೆದು ಅದು ಆಮೆಯ ಬೆನ್ನಿನ ಹಾಗಾಗಿತ್ತು. ಕುಪ್ಪದ ಪಡವುಗಳನ್ನೆಲ್ಲ ಗಂಡಸರು ಹೊಲಿಯುತ್ತಿದ್ದರು, ಹೊಲಿಯುವ ಹಗ್ಗವನ್ನೆಲ್ಲ ಹೆಂಗಸರು ಹೊಸೆಯುತ್ತಿದ್ದರು. ನಮ್ಮ ಪಡವಿಗೆ ಒಂದು ಮೊಳೆಯೂ ಇಲ್ಲ. ಹಲಗೆಯ ಅಂಚಿಗೆ ಸಾಲಾಗಿ ತೂತು ಕೊರೆದು, ಸಂದಿಗೆ ಒಣಹುಲ್ಲು ತುರುಕಿ, ನಾರಿನ ಹಗ್ಗದಲ್ಲಿ ಬಿಗಿದು ಹೊಲಿದರೆ ಪಡವು ಆಯಿತು. ಅಲೆ ಎತ್ತಿ ಮರಳಿಗೆ ಬಡಿದರೆ ಅದು ಬಾಗುತ್ತದೆ, ನರಳುತ್ತದೆ, ಬಯ್ದುಕೊಳ್ಳುತ್ತ ದಡ ಹತ್ತುತ್ತದೆ. ಮೊಳೆ ಹೊಡೆದ ಪರಂಗಿಯವರ ದೋಣಿ ಅದೇ ಅಲೆಗೆ ಚೂರು ಚೂರು.

ಕುಪ್ಪದ ಗ್ರಹಚಾರ ಶುರುವಾದದ್ದೇ ಇಲ್ಲಿಂದ. ಬಡಗಣಕ್ಕೆ ಅರ್ಧ ದಿನ ನಡೆದರೆ ಪುದುಚ್ಚೇರಿ, ಅಲ್ಲಿ ಬಿಳಿ ಬಾವುಟದ ಫ್ರೆಂಚರು. ತೆಂಕಣಕ್ಕೆ ಅರ್ಧ ದಿನ ನಡೆದರೆ ದೇವನಾಂಪಟ್ಟಣದ ಕೋಟೆ, ಅಲ್ಲಿ ಕೆಂಪಂಗಿಯ ಇಂಗ್ಲಿಷರು. ಇಬ್ಬರ ದೇಶವೂ ಎಲ್ಲೋ ಕಡಲಿನಾಚೆ. ಅಲ್ಲಿ ಅವರ ರಾಜರು ಮೂತಿ ತಿರುವಿಕೊಂಡರೆ ಇಲ್ಲಿ ನಮ್ಮ ದಡದ ಮೇಲೆ ಗುಂಡು ಹಾರುತ್ತಿತ್ತು. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಮಿತ್ತು ಅನ್ನುತ್ತಾರಲ್ಲ, ಆ ಗಿಡ ನಮ್ಮ ಕುಪ್ಪ. ಇಬ್ಬರ ಹಡಗುಗಳಿಗೂ ದಡಕ್ಕೆ ಬರುವ ಯೋಗ್ಯತೆ ಇರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕು, ಸಿಪಾಯಿಯಾಗಲಿ, ಮದ್ದಾಗಲಿ, ಸಾರಾಯಿ ಪೀಪಾಯಿಯಾಗಲಿ, ನಮ್ಮ ಪಡವು ಏರಿ ನಮ್ಮವರ ಹುಟ್ಟಿನಲ್ಲೇ ದಡ ಸೇರಬೇಕು. ಹಾಗಾಗಿ ಪಡವು ಯಾರ ಕೈಲಿದೆಯೋ ದಡ ಅವರದು.

ಹಿಂದೊಂದು ಸಲ ಕೆಂಪಂಗಿಯವರು ಬಂದು ಪಡವುಗಳನ್ನು ಎಳೆದುಕೊಂಡು ಹೋಗಿದ್ದರು, ಜೊತೆಗೆ ಹುಟ್ಟು ಹಾಕುವ ಗಂಡಸರನ್ನೂ. ಹಡಗಿನಿಂದ ಫಿರಂಗಿ ಇಳಿಸುವ ಕೆಲಸ. ಮೂರನೆಯ ಅಲೆಯಲ್ಲಿ ಕಾತವರಾಯನ ಪಡವು ಮಗುಚಿ ಫಿರಂಗಿ ಅವನ ಮೇಲೆ ಬಿತ್ತು. ಫಿರಂಗಿಗೆ ಹಗ್ಗ ಕಟ್ಟಿ, ಹೋ ಎಂದು ಕೂಗಿ ದಡಕ್ಕೆ ಎಳೆದುಕೊಂಡರು. ಕಾತವರಾಯನನ್ನು ಸಂಜೆಯ ಹೊತ್ತಿಗೆ ಅಲೆಯೇ ತಂದು ಹಾಕಿತು.

ಪಡವಿನ ಒಡೆಯ ಸತ್ತರೆ ಅದರ ಮೂತಿಯ ಮೊದಲ ಗಂಟನ್ನು ಹೆಂಡತಿ ಕೊಯ್ಯಬೇಕು, ಆಮೇಲೆ ಉಳಿದವರು ಹೊಲಿಗೆ ಬಿಚ್ಚಬೇಕು. ನಮ್ಮಲ್ಲಿ ನಡೆದುಬಂದ ಪದ್ಧತಿ ಅದು. ಪೂವಾಯಿ ಕೊಯ್ದಳು. ತಾನು ಹೊಸೆದ ಹಗ್ಗ, ಕತ್ತಿ ಇಳಿಯಲೇ ಇಲ್ಲ, ಹಲ್ಲು ಕಚ್ಚಿ ಕೊಯ್ಯಬೇಕಾಯಿತು. ಆ ಹಲಗೆಗಳನ್ನೇ ಮತ್ತೆ ಹೊಲಿಸಿ ಮಗ ವೇಂಬುಲಿಗೆ ಕೊಟ್ಟಳು. ವೇಂಬುಲಿ ಬೆಳೆದು ಇಡೀ ದಡದಲ್ಲಿ ಅವನಂಥ ಚುಕ್ಕಾಣಿಗಾರ ಇಲ್ಲ ಅನ್ನಿಸಿಕೊಂಡ. ಊರವರು ಹೊಗಳಿದರೆ ತಾಯಿಯ ಎದೆ ಧಸಕ್ಕೆನ್ನುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ. ತನ್ನ ಮಗ ಪರಂಗಿಯ ಫಿರಂಗಿ ಹೊತ್ತು ಅಲೆಗೆ ಇಳಿಯಬಾರದು.

ಹಾಗಿರುವಾಗ ಮತ್ತೆ ಯುದ್ಧ ಬಂತು. ಬೇಸಿಗೆ ಕಾಲಿಡುವ ಪಂಗುನಿ ತಿಂಗಳು, ಕಡಲು ಕೆನೆ ಕಟ್ಟಿದ ಹಾಲಿನಂತೆ ಮಲಗಿತ್ತು. ಅಂಜಲೈಗೆ ಏಳು ತಿಂಗಳು ತುಂಬಿ, ಮಾರನೆಯ ದಿನ ಬಳೆ ತೊಡಿಸುವ ಸೀಮಂತ, ಆಮೇಲೆ ತವರಿಗೆ ಕಳಿಸುವುದು ಎಂದು ಗೊತ್ತಾಗಿತ್ತು. ಬೆಳಿಗ್ಗೆ ಕಳ್ಳು ಇಳಿಸಲು ತಾಳೆಮರ ಹತ್ತಿದ್ದ ಸಡೈಯಾಂಡಿ ಮಡಕೆಯನ್ನು ಮೇಲೆಯೇ ಬಿಟ್ಟು ಜಾರಿಕೊಂಡು ಇಳಿದ.

"ಬಡಗಲ ಕುಪ್ಪದಲ್ಲಿ ಹೊಗೆ ಕಣ್ರಪ್ಪೋ! ಬಿಳಿ ಬಾವುಟದವರು. ಹಳೇ ಪಡವೆಲ್ಲ ಸುಡ್ತಿದಾರೆ, ಒಳ್ಳೇವನ್ನ ಜನದ ಸಮೇತ ಪುದುಚ್ಚೇರಿಗೆ ಹೊಡ್ಕೊಂಡು ಹೋಗ್ತಿದಾರೆ. ನಾಳೆ ನಮ್ಮ ಪಾಳಿ!"

ಹೊನ್ನೆ ಮರದ ಕೆಳಗೆ ಊರು ಕೂಡಿತು. ಕಡಲಿಗೆ ಇಳಿದು ಓಡಿಹೋಗೋಣವೆಂದರೆ ಅಲ್ಲಿ ಅವರ ಹಡಗುಗಳೇ ನಿಂತಿದ್ದವು. ಹಳ್ಳದಲ್ಲಿ ಬಚ್ಚಿಡೋಣವೆಂದರೆ ಪಂಗುನಿಯ ಹಳ್ಳದಲ್ಲಿ ಕಪ್ಪೆಗೂ ನೀರಿಲ್ಲ. ಕೂತ್ತಪೆರುಮಾಳ್ ಗಡ್ಡ ಕೆರೆದುಕೊಂಡು, "ಕಾಲಿಗೆ ಬೀಳೋಣ. ಅರ್ಧ ತಗೊಳ್ಳಿ, ಅರ್ಧ ಬಿಡಿ ಅನ್ನೋಣ" ಎಂದ.

ಪಕ್ಕದಲ್ಲಿ ನಾರು ಹೊಸೆಯುತ್ತಿದ್ದ ಪೂವಾಯಿ ಕೈ ನಿಲ್ಲಿಸದೆ ಕೇಳಿದಳು, "ಯಾವ ಅರ್ಧದಲ್ಲಿ ನಿನ್ನ ಮಗನ್ನ ಹಾಕ್ತೀಯ ಯಜಮಾನ?"

ಗಡ್ಡದಿಂದ ಯಜಮಾನನ ಕೈ ಕೆಳಗಿಳಿಯಿತು.

"ಪಡವುಗಳನ್ನ ತವರಿಗೆ ಕಳ್ಸಿ" ಎಂದಳು ಪೂವಾಯಿ.

ವರ್ಷಕ್ಕೊಮ್ಮೆ, ಐಪ್ಪಸಿ ತಿಂಗಳ ಬಿರುಗಾಳಿಗೆ ಕಡಲು ಮುಚ್ಚಿದಾಗ, ಪಡವುಗಳ ಹೊಲಿಗೆ ಬಿಚ್ಚಿ, ಹಲಗೆಗಳಿಗೆ ಹೊನ್ನೆಣ್ಣೆ ಬಳಿದು, ಒಣಗಿಸಿ, ಹೊಸ ಹಗ್ಗದಲ್ಲಿ ಹೊಲಿಯುತ್ತಾರೆ. ಅದಕ್ಕೆ ನಮ್ಮಲ್ಲಿ ತವರಿಗೆ ಹೋಗುವುದು ಅಂತಲೇ ಹೆಸರು. ವರ್ಷವಿಡೀ ದುಡಿದ ಸೊಸೆ ತಾಯಿಮನೆಗೆ ಹೋಗಿ ಎಣ್ಣೆ ಹಚ್ಚಿಸಿಕೊಂಡು ಮೈ ಸಡಿಲ ಮಾಡಿಕೊಂಡು ಬರುತ್ತಾಳಲ್ಲ, ಹಾಗೆ.

"ಪಂಗುನೀಲಿ ಹೊಲಿಗೆ ಬಿಚ್ಚೋದಾ?" ಕೂತ್ತಪೆರುಮಾಳ್ ಎದ್ದೇ ನಿಂತ. "ಐಪ್ಪಸಿ ಬಿಟ್ರೆ ಹೊಲಿಗೆ ಬಿಚ್ಚೋದು ಸಾವಿನ ಮನೇಲಿ ಮಾತ್ರ. ಊರಲ್ಲಿರೋ ಗಂಡಸರೆಲ್ಲ ಇದ್ದೂ ಸತ್ತ ಹಾಗೆ ಆಗಲ್ವಾ?"

"ಬಿಚ್ಚದಿದ್ರೆ ನಿಜವಾಗ್ಲೂ ಸಾಯ್ತಾರೆ ಮಾವ. ಸಾವಿನ ಗಂಟು ಹೆಂಗಿರುತ್ತೆ ಅಂತ ನಂಗೆ ಹೇಳಿಕೊಡ್ಬೇಡ. ನಾನು ಕೊಯ್ದಿದೀನಿ." ಅವಳು ದನಿಯನ್ನು ಇನ್ನೂ ಜೋರು ಮಾಡಿದಳು. "ಸೊಸೆ ಐಪ್ಪಸೀಲಿ ಮಾತ್ರ ತವರಿಗೆ ಹೋಗ್ತಾಳಾ? ಬಸುರಿಯಾದ್ರೆ ಯಾವ ತಿಂಗಳಲ್ಲಾದ್ರೂ ಹೋಗ್ತಾಳೆ. ಬಳೆ ತೊಡಿಸಿ, ಹೂ ಮುಡಿಸಿ, ಹುಳಿಯನ್ನ ತಿನ್ನಿಸಿ ಕಳಿಸ್ತೀವಿ. ಯಾರಾದ್ರೂ ಅಳ್ತಾರಾ? ನಾಳೆ ಹೆಂಗೂ ನಮ್ಮನೇಲಿ ಸೀಮಂತ. ಪಡವುಗಳಿಗೂ ಆಗೋಗ್ಲಿ!"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ನಗು ಹಬ್ಬಿತು. ಆದರೂ ಕತ್ತಿ ಹಿಡಿದು ಮೊದಲ ಗಂಟಿಗೆ ಕೈಯಿಡಲು ಒಬ್ಬನಿಗೂ ಧೈರ್ಯ ಬರಲಿಲ್ಲ. ಪೂವಾಯಿ ತಾನೇ ಕತ್ತಿ ಎತ್ತಿಕೊಂಡಾಗ ವಿಧವೆಯ ಕೈ ಶುಭಕ್ಕೆ ಆಗದಲ್ಲ ಎಂದು ಕೂತ್ತಪೆರುಮಾಳ್ ಗೊಣಗಿದ.

ಅಂಜಲೈ ಹೊಟ್ಟೆ ಮುಂದೆ ಮಾಡಿಕೊಂಡು ನಡೆದು ಬಂದು ಅತ್ತೆಯ ಮುಂದೆ ಎರಡೂ ಕೈ ಚಾಚಿದಳು. "ಮೊದಲ ಬಳೆ ನಮ್ಮತ್ತೆ ತೊಡಿಸ್ಲಿ. ನನ್ನ ಮಗೂಗೆ ಏನಾಗುತ್ತೋ ನಾನೂ ನೋಡ್ತೀನಿ. ಆಗ ಪಡವಿಗೂ ಅವರ ಕೈ ಆಗುತ್ತೆ ತಾನೆ ತಾತ?"

ಪೂವಾಯಿಯನ್ನು ಬಾಯಿ ಬಿಡದಂತೆ ಮಾಡಿದ ಘಟನೆ ಆ ಊರಿನಲ್ಲಿ ಅದೊಂದೇ. ಅವಳು ಸೊಸೆಗೆ ಬಳೆ ತೊಡಿಸಿದಳು. ಕಣ್ಣು ಮಂಜಾಗಿ ಎರಡು ಬಳೆ ಒಡೆದವು ಕೂಡ. ಆಮೇಲೆ ಮಗನ ಪಡವಿನ ಮೂತಿಗೆ ಅರಿಶಿನದ ಕೊಂಬು ಕಟ್ಟಿ, ಅದರ ಕೆಳಗಿನ ಗಂಟನ್ನು ಕೊಯ್ದಳು. ಈ ಸಲ ಕತ್ತಿ ಸುಲಭವಾಗಿ ಇಳಿಯಿತು.

ಆಮೇಲೆ ನೋಡಬೇಕಿತ್ತು! ಸುಡುಬಿಸಿಲಿನಲ್ಲಿ ಇಡೀ ಕುಪ್ಪ ಪಡವುಗಳ ಮೇಲೆ ಬಿತ್ತು. ಹೊಲಿಗೆ ಹರಿದ ಹಲಗೆಗಳು ಒಂದೊಂದಾಗಿ ಕಳಚಿ ಬಂದವು. ಕೆಲವು ಚಪ್ಪರದ ಕೆಳಗೆ ಕೂರುವ ಮಣೆಯಾದವು, ಕೆಲವು ಬಾವಿಗೆ ಮುಚ್ಚಳ, ಕೆಲವು ಮೇಕೆಗೆ ಕೊಟ್ಟಿಗೆ. ಕೂತ್ತಪೆರುಮಾಳನ ಮನೆಗೆ ಕಟ್ಟಿದಾಗಿನಿಂದ ಬಾಗಿಲಿರಲಿಲ್ಲ, ಅಂದು ಬಂತು. ಹುಟ್ಟುಗೋಲುಗಳು ಚಪ್ಪರದ ಕಂಬಗಳಾಗಿ ತೆಂಗಿನ ಗರಿ ಹೊತ್ತು ನಿಂತವು. ಹಳೆಯ ಹಗ್ಗವೆಲ್ಲ ಒಲೆಗೆ ಹೋಗಿ ಹುಳಿಯನ್ನದ ಪುಳಿಗೊಜ್ಜು ಕುದಿಯಿತು.

ಮರುದಿನ ಮಧ್ಯಾಹ್ನ ಬಿಳಿ ಬಾವುಟದವರು ಬಂದರು. ಮುಂದೆ ಕುದುರೆಯ ಮೇಲೆ ಉದ್ದ ಮೂಗಿನ ಸರದಾರ, ಹಿಂದೆ ಸಿಪಾಯಿಗಳು, ಪಕ್ಕದಲ್ಲಿ ದುಭಾಷಿ ದೊಮಿಂಗು. ಈ ದೊಮಿಂಗು ಅರ್ಧ ಪೋರ್ಚುಗೀಸ, ತಲೆಯ ಮೇಲೆ ಟೋಪಿ, ನಾಲಿಗೆಯ ಮೇಲೆ ಬಜಾರಿನ ಹರಕು ಮುರುಕು ಭಾಷೆ. ಅವರು ಕಂಡದ್ದು ಖಾಲಿ ದಡ, ಮತ್ತು ಭರ್ಜರಿ ಸೀಮಂತ. ವೇಂಬುಲಿ ಮತ್ತು ಅವನ ಜೊತೆಯವರು ಎಲೆಯ ಮುಂದೆ ತಲೆ ಬಗ್ಗಿಸಿ ಕೂತು ಉಣ್ಣುತ್ತಿದ್ದರು.

"ಪಡವು ಎಲ್ಲಿ ಹೋಯ್ತಾನೆ?" ಎಂದ ದೊಮಿಂಗು.

"ಮೊದಲು ಊಟಕ್ಕೆ ಕೂತ್ಕೊಳ್ಳಪ್ಪಾ. ಬಸುರಿ ಮನೆಗೆ ಬಂದೋರು ಹಸಿದು ಹೋಗ್ಬಾರ್ದು" ಎಂದಳು ಪೂವಾಯಿ.

ಸರದಾರ ಮಣೆಯ ಮೇಲೆ ಕೂತ. ಹುಳಿಯನ್ನದ ಖಾರಕ್ಕೆ ಅವನ ಮೂಗು ಕೆಂಪಾಗಿ, ಕೈ ಅತ್ತಿತ್ತ ಆಡಿ, ಬೆರಳು ಮಣೆಯ ಅಂಚಿನ ತೂತಿಗೆ ಸಿಕ್ಕಿತು. ಅವನು ಬಗ್ಗಿ ನೋಡಿದ. ತೂತಿನ ಪಕ್ಕ ತೂತು, ಉದ್ದಕ್ಕೂ ಸಾಲು. ದೊಮಿಂಗುವಿನ ಕಡೆ ತಿರುಗಿ ಏನೋ ಅಂದ. ವೇಂಬುಲಿಯ ಕೈತುತ್ತು ಬಾಯಿಯ ಹತ್ತಿರವೇ ನಿಂತಿತು.

"ಇದು ಏನು ತೂತು ಅಂತ ದೊರೆ ಕೇಳ್ತಾಳೆ" ಎಂದ ದೊಮಿಂಗು.

"ಗೆದ್ದಲು" ಎಂದಳು ಪೂವಾಯಿ.

"ಗೆದ್ದಲು ಹೀಗೆ ಸಾಲಾಗಿ ತಿಂತಾನಾ?"

"ನಮ್ಮೂರ ಗೆದ್ದಲು ನಿಮ್ಮ ಸಿಪಾಯಿಗಳ ಹಾಗೇ ಕಣಪ್ಪಾ. ತಿನ್ನೋಕೆ ಬಂದ್ರೆ ಸಾಲು ತಪ್ಪಲ್ಲ."

ದೊಮಿಂಗು ಅದನ್ನು ಹೇಗೆ ಹೇಳಿದನೋ, ಸರದಾರ ಮೆಚ್ಚಿಕೊಂಡು ತಲೆಯಾಡಿಸಿದ. ಆದರೆ ಪಡವಿನ ಮಾತು ಬಿಡಲಿಲ್ಲ. ಈ ಸಲ ಎದ್ದು ಕತ್ತಿಯ ಹಿಡಿಗೆ ಕೈ ಹಾಕಿ ನೇರ ಕೂತ್ತಪೆರುಮಾಳನ ಎದುರಿಗೆ ನಿಂತ. ಯಜಮಾನ ಒಳ್ಳೆಯವನು, ಆದರೆ ಸುಳ್ಳು ಹೇಳಲು ಬಾರದವನು. ಹೆದರಿಕೆಗೆ ಬಾಯಿಂದ ಅಭ್ಯಾಸದ ಮಾತು ಬಿದ್ದುಹೋಯಿತು.

"ತವರಿಗೆ ಹೋಗಿವೆ ದೊರೆ."

ಅಪ್ಪಟ ಸತ್ಯ. ಈ ದಡದ ಯಾವ ಕೂಸಿಗೆ ಹೇಳಿದರೂ ಅದು ಹಲಗೆ ಹುಡುಕಲು ಹೋಗುತ್ತಿತ್ತು. ವೇಂಬುಲಿ ಕಣ್ಣು ಮುಚ್ಚಿದ. ಪೂವಾಯಿಗೆ ಗಂಡನ ಮೇಲೆ ಬಿದ್ದ ಫಿರಂಗಿಯ ಸದ್ದು ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು.

ದೊಮಿಂಗು ಹಣೆ ಗಂಟಿಕ್ಕಿಕೊಂಡು ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. "ತವರು? ಓ, ಊರಿನ ಹೆಸರು!" ಸರದಾರನಿಗೆ ವಿವರಿಸಿದ, ಸರದಾರ ಸೊಂಟದ ಚೀಲದಿಂದ ನಕ್ಷೆ ತೆಗೆದ. "ತವರು ಎಲ್ಲಿ ಇದ್ದಾನೆ?"

ಪೂವಾಯಿ ಮುಂದೆ ಬಂದಳು. "ಹೂಂ, ತವರೂರು! ಕೇಳಿಲ್ವಾ? ಭಾರೀ ಊರು. ಏನ್ರೇ, ಹೇಳ್ರೇ, ತವರೂರು ಯಾವ ಕಡೆ?"

ಚಪ್ಪರದ ಹೆಂಗಸರೆಲ್ಲ ಒಟ್ಟಿಗೇ ಕೈ ಎತ್ತಿ ತೋರಿಸಿದರು. ಒಬ್ಬಳು ತೆಂಕಣಕ್ಕೆ, ಒಬ್ಬಳು ಪಡುವಣಕ್ಕೆ, ಒಬ್ಬಳು ಉಪ್ಪಿನ ಗದ್ದೆಯ ಕಡೆಗೆ, ಸಡೈಯಾಂಡಿಯ ಹೆಂಡತಿ ಸೀದಾ ಪುದುಚ್ಚೇರಿಯ ಕಡೆಗೇ. ಒಬ್ಬಳೂ ಸುಳ್ಳು ಹೇಳಲಿಲ್ಲ, ಅವರವರ ತಾಯಿಮನೆ ಇದ್ದದ್ದೇ ಹಾಗೆ. ಕೈ ಎತ್ತದೆ ನಿಂತವಳು ಪೂವಾಯಿ ಒಬ್ಬಳೇ.

"ತುಂಬ ದೊಡ್ಡ ಊರು" ಎಂದು ದೊಮಿಂಗು ಗಂಭೀರವಾಗಿ ಸರದಾರನಿಗೆ ತಿಳಿಸಿದ.

ಸರದಾರ ಸಿಟ್ಟಿನಿಂದ ನಕ್ಷೆಯ ಮೇಲೆ ತವರೂರು ಎಂದು ಬರೆದುಕೊಂಡ. ಅಲ್ಲಿ ಕೂತು ಉಣ್ಣುತ್ತಿದ್ದ ಗಂಡಸರನ್ನು ಎಳೆದೊಯ್ಯೋಣವೇ ಎಂದು ಸಿಪಾಯಿಯೊಬ್ಬ ಕೇಳಿದ. ಪಡವಿಲ್ಲದ ಹುಟ್ಟುಗಾರನನ್ನು ಕಟ್ಟಿಕೊಂಡು ಏನು ಮಾಡುವುದು, ಅವರು ಉಣ್ಣುವ ಪರಿ ನೋಡು ಎಂದು ಸರದಾರ ಬಯ್ದನಂತೆ. ಹೊರಡುವಾಗ ದೊಮಿಂಗು ಬೇಲಿಯ ಹತ್ತಿರ ಹೊಸ ನಾರುಹಗ್ಗದ ರಾಶಿ ಕಂಡು ನಿಂತ.

"ಇಷ್ಟು ಹಗ್ಗ ಯಾಕೆ?"

"ತೊಟ್ಟಿಲಿಗೆ" ಎಂದಳು ಅಂಜಲೈ, ಹೊಟ್ಟೆ ಸವರಿಕೊಂಡು. "ನಮ್ಮ ಮನೆತನದಲ್ಲಿ ಕೂಸುಗಳು ಸ್ವಲ್ಪ ದಪ್ಪ."

ಅವರು ಮರಳಿನ ದಿಬ್ಬದಾಚೆ ಮರೆಯಾಗುವವರೆಗೆ ಯಾರೂ ನಗಲಿಲ್ಲ. ಆಮೇಲೆ ನಕ್ಕ ನಗುವಿಗೆ ಚಪ್ಪರದ ಒಂದು ಕಂಬ ಬಿತ್ತು ಎಂದು ಹೇಳುತ್ತಾರೆ, ನಾನು ನಂಬುತ್ತೇನೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಪಡವುಗಳೆಲ್ಲ ತವರೂರಿನಲ್ಲಿವೆಯಂತೆ ಎಂಬ ಸುದ್ದಿ ಸಂತೆಯ ಬಾಯಿಂದ ಕೆಂಪಂಗಿಯವರ ಕಿವಿಗೂ ಬಿತ್ತು. ಅವರೂ ಹೊರಟರು. ಬಿಳಿ ಬಾವುಟದವರು ಬಡಗಣದಿಂದ, ಕೆಂಪಂಗಿಯವರು ತೆಂಕಣದಿಂದ, ದಾರಿಯಲ್ಲಿ ಸಿಕ್ಕ ಹೆಂಗಸರನ್ನೆಲ್ಲ ತವರೂರು ಯಾವ ಕಡೆ ಎಂದು ಕೇಳುತ್ತ, ಒಬ್ಬೊಬ್ಬಳು ತೋರಿಸಿದ ದಿಕ್ಕಿಗೆ ತಿರುಗುತ್ತ, ಕೊನೆಗೆ ಒಂದು ಕೇದಗೆಯ ಮೆಳೆಯ ಎರಡು ಬದಿಗೆ ಬಂದು ನಿಂತರು. ಇದೇ ತವರೂರು, ಶತ್ರು ಆಗಲೇ ಹಿಡಿದುಬಿಟ್ಟಿದ್ದಾನೆ ಎಂದು ಇಬ್ಬರಿಗೂ ಅನ್ನಿಸಿತು. ಸಂಜೆಯವರೆಗೆ ಮೆಳೆಯ ಮೇಲೆ ಗುಂಡು ಹಾರಿಸಿದರು. ಸತ್ತದ್ದು ಯಾರದೋ ಎಮ್ಮೆ, ಅದೂ ಮುದಿ. ಇಬ್ಬರೂ ಗೆದ್ದೆವೆಂದು ಹೇಳಿಕೊಂಡು ವಾಪಸ್ ಹೋದರು. ನಮ್ಮ ದಡಕ್ಕೆ ಆ ಬೇಸಿಗೆಯಲ್ಲಿ ಒಂದು ಫಿರಂಗಿಯೂ ಇಳಿಯಲಿಲ್ಲ.

ಅಂಜಲೈ ಹಡೆದು, ಹೆಣ್ಣುಕೂಸನ್ನೆತ್ತಿಕೊಂಡು ತವರಿಂದ ಬಂದ ವಾರದಲ್ಲಿ ಪರಂಗಿಯವರು ರಾಜಿ ಮಾಡಿಕೊಂಡ ಸುದ್ದಿ ಬಂತು. ಕುಪ್ಪದವರು ಹಲಗೆಗಳನ್ನೆಲ್ಲ ದಡಕ್ಕೆ ಹೊತ್ತರು. ಕೂತ್ತಪೆರುಮಾಳ್ ತನ್ನ ಬಾಗಿಲನ್ನು ಬಿಟ್ಟುಕೊಡಲು ಎರಡು ದಿನ ಸತಾಯಿಸಿದ. ಹೊಲಿಗೆ ಮುಗಿದ ದಿನ ವೇಂಬುಲಿಯ ಪಡವು ಮೊದಲು ಇಳಿಯಬೇಕೆಂದು ಊರು ತೀರ್ಮಾನಿಸಿತು. ಹೊಸ ಹೊಲಿಗೆಯ ಪಡವಿಗೆ ಹೆಂಗಸು ಕಾಲಿಡುವುದಿಲ್ಲ, ವಿಧವೆಯಂತೂ ನೆರಳೂ ಬೀಳಿಸುವುದಿಲ್ಲ. ಆದರೆ ಅಂದು ಕೂತ್ತಪೆರುಮಾಳನೇ ಬಂದು ಪೂವಾಯಿಯ ಕೈ ಹಿಡಿದ.

"ಹತ್ತಮ್ಮಾ. ತವರಿಂದ ಸೊಸೆ ಬರೋವಾಗ ಕರ್ಕೊಂಡು ಬರೋಕೆ ಅತ್ತೆ ಹೋಗ್ಬೇಕಲ್ವಾ?"

ಪೂವಾಯಿ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಹತ್ತಿದಳು. ಮೊದಲನೆಯ ಅಲೆ, ಎರಡನೆಯದು, ಆಮೇಲೆ ಕಾತವರಾಯನನ್ನು ನುಂಗಿದ ಮೂರನೆಯದು. ಪಡವು ಮೂತಿ ಎತ್ತಿತು, ಬಾಗಿತು, ತಾನು ಹೊಸೆದ ಹಗ್ಗವೆಲ್ಲ ಒಟ್ಟಿಗೆ ನರಳಿದ್ದು ಅವಳಿಗೆ ಪಾದದಲ್ಲಿ ತಿಳಿಯಿತು. ವೇಂಬುಲಿ ಹೋ ಎಂದು ಕೂಗಿ ದಾಟಿಸಿಯೇಬಿಟ್ಟ. ದಡದ ಮೇಲೆ ಇಡೀ ಕುಪ್ಪ ಕುಣಿಯಿತು. ಪೂವಾಯಿ ಅತ್ತಳು, ಗಟ್ಟಿಯಾಗಿ, ನಾಚಿಕೆಯಿಲ್ಲದೆ, ಗಂಡ ಸತ್ತ ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಸೇರಿಸಿ ಅತ್ತಳು. ಆಮೇಲೆ ಮಗನಿಗೆ ಚುಕ್ಕಾಣಿ ಓರೆ ಹಿಡಿದಿದ್ದೀಯ ಎಂದು ಬಯ್ದಳು.

ವರ್ಷಗಳು ಕಳೆದವು. ಎಷ್ಟೋ ಸಲ ಕಾದಾಡಿ ಕೊನೆಗೆ ದಡವೆಲ್ಲ ಕೆಂಪಂಗಿಯವರದಾಯಿತು. ಪೂವಾಯಿ ಹಲ್ಲುದುರಿ, ಹೊನ್ನೆ ಮರದ ಕೆಳಗೆ ಬರಿಗೈಯಲ್ಲೇ ನಾರು ಹೊಸೆಯುವಂತೆ ಬೆರಳಾಡಿಸುತ್ತ ಕೂರುವ ವಯಸ್ಸಿಗೆ ಬಂದಿದ್ದಳು. ಒಂದು ದಿನ ಊರುಗಳ ನಕ್ಷೆ ಬರೆಯುವ ಇಂಗ್ಲಿಷ್ ದೊರೆಯೊಬ್ಬ ಬಂದ. ಅವನ ಕೈಯಲ್ಲಿ ಫ್ರೆಂಚರಿಂದ ವಶಪಡಿಸಿಕೊಂಡ ಹಳೆಯ ನಕ್ಷೆ, ಜೊತೆಯಲ್ಲಿ ದುಭಾಷಿ. ತಲೆ ನರೆತಿದ್ದರೂ ಟೋಪಿ ಅದೇ. ದೊಮಿಂಗು!

"ಅಮ್ಮಾ, ನೆನಪಿದೆಯಾ?" ಎಂದ. ಈಗ ಅವನ ಮಾತು ಸರಾಗವಾಗಿತ್ತು. "ಆ ನಿಮ್ಮ ತವರೂರು ಹುಡುಕಿ ಹುಡುಕಿ ನನ್ನ ಕಾಲು ಸವೆದುಹೋಯ್ತು. ಆಮೇಲೆ ಇಲ್ಲಿಯವಳನ್ನೇ ಮದುವೆಯಾದೆ. ಮೊದಲನೇ ಜಗಳಕ್ಕೆ ಅವಳು ಗಂಟು ಕಟ್ಟಿಕೊಂಡು ಹೊರಟಾಗ ಎಲ್ಲಿಗೆ ಅಂತ ಕೇಳಿದೆ ನೋಡಿ, ಆಗ ಗೊತ್ತಾಯ್ತು. ಬಾಗಿಲಲ್ಲೇ ಕೂತು ನಕ್ಕೆ. ಅದಕ್ಕೆ ಅವಳು ಇನ್ನೂ ಒಂದು ತಿಂಗಳು ಬರಲಿಲ್ಲ!"

ಪೂವಾಯಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ದೊರೆಗೆ ತಾಳ್ಮೆ ತಪ್ಪಿತು, ನಕ್ಷೆಗೆ ಬೆರಳು ಕುಟ್ಟಿ ಏನೋ ಕೇಳಿದ.

"ಈ ತವರೂರು ಎಲ್ಲಿದೆ, ಎಂಥ ಊರು ಅಂತ ಕೇಳ್ತಿದಾರೆ. ಏನಂತ ಹೇಳ್ಲಮ್ಮ?"

ಮುದುಕಿ ಕೋಲಿನಿಂದ ತನ್ನ ಕಾಲ ಬುಡದ ಮರಳನ್ನು ಕುಟ್ಟಿದಳು. "ಇದೇ ಅಂತ ಹೇಳು. ಎಲ್ಲಾರ್ದೂ ಎಲ್ಲೆಲ್ಲೋ ಇತ್ತು, ನಂದು ಇಲ್ಲೇ ಇತ್ತು." ಕಡಲಿನಲ್ಲಿ ಪಡವುಗಳು ದಡಕ್ಕೆ ತಿರುಗುತ್ತಿದ್ದವು. ಮುಂದಿನದರಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದ ವೇಂಬುಲಿಯ ನರೆತ ತಲೆ ಬಿಸಿಲಿಗೆ ಹೊಳೆಯಿತು. ಅವಳು ಆ ಕಡೆ ಗಲ್ಲ ಎತ್ತಿ ತೋರಿಸಿದಳು. "ಎಂಥ ಊರು ಅಂದ್ರೆ, ಇವರ ಕೋಟೆಗಳಿಗೆ ಹೋದೋರು ವಾಪಸ್ ಬರ್ಲಿಲ್ಲ. ತವರೂರಿಗೆ ಹೋದೋರೆಲ್ಲ ಬಂದ್ರು ಅಂತ ಹೇಳಪ್ಪಾ."